ಸಂಜೆ ಪಾಳಿಯ ಹತ್ತು ನಿಮಿಷ

ಬಸವೇಶ್ವರನಗರ

ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಮೊದಲ ಸಲ ವಿದೇಶಕ್ಕೆ ಹೋದದ್ದು ಜಗಳ ಆಡುವುದಕ್ಕೆ. ಜಯಮ್ಮ ಮೇಡಂ ಊರು ನೋಡಲು ಹೋಗಿದ್ದರು ಎಂದು ನಮ್ಮ ಬೀದಿಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ.

ಬಾಹ್ಯಾಕಾಶ ಸಂಶೋಧನೆಯಲ್ಲಿ ಇಡೀ ಆಯುಷ್ಯ ಕಳೆದವಳು ವಿದೇಶ ನೋಡಿಲ್ಲವೇ ಎಂದು ಕೇಳುತ್ತಾರೆ. ನೋಡಿಲ್ಲ. ಪ್ರತಿ ಸಲವೂ ಇನ್ನೊಬ್ಬರು ಹೋಗುತ್ತಿದ್ದರು. ಮಗು ಚಿಕ್ಕದು, ಅತ್ತೆಗೆ ಹುಷಾರಿಲ್ಲ, ನಿಮಗ್ಯಾಕೆ ತೊಂದರೆ ಮೇಡಂ ಎಂದು ನನ್ನ ಪರವಾಗಿ ಅವರೇ ನಿರ್ಧರಿಸಿಬಿಡುತ್ತಿದ್ದರು. ಬರುವಾಗ ಒಂದು ಚಾಕೊಲೇಟ್ ಡಬ್ಬಿ ತರುತ್ತಿದ್ದರು. ಅದನ್ನು ನಾನು ತಿನ್ನುತ್ತಿರಲಿಲ್ಲ, ಅಷ್ಟು ಹಟ ನನಗೂ ಇತ್ತು.

ನಾನು ಹೊಸಹಳ್ಳಿಯವಳು. ವಿಜಯನಗರ ಬಡಾವಣೆ ಆಗುವುದಕ್ಕೆ ಮುಂಚೆ ನಮ್ಮಪ್ಪ ಅಲ್ಲಿ ರಾಗಿ ಬೆಳೆಯುತ್ತಿದ್ದರು. ಆ ಹೊಲದಲ್ಲಿ ಈಗ ಚಿನ್ನದ ಅಂಗಡಿ ಇದೆ. ಭೌತಶಾಸ್ತ್ರ ಓದಿ ನಾನು ಒಂದು ಸಂಶೋಧನಾ ಸಂಸ್ಥೆ ಸೇರಿದೆ. ಸೂರ್ಯನ ಮೇಲೆ ಬಿರುಗಾಳಿ ಎದ್ದಾಗ ಅಲ್ಲಿಂದ ಹಾರಿಬರುವ ಕಣಗಳನ್ನು ಎಣಿಸುವ ಪೆಟ್ಟಿಗೆ ಕಟ್ಟುವುದು ನನ್ನ ಕೆಲಸ. ಟಿಫಿನ್ ಕ್ಯಾರಿಯರ್‌ಗಿಂತ ತುಸು ದೊಡ್ಡದಾದ ಅಂಥ ಒಂದು ಪೆಟ್ಟಿಗೆ ನಮ್ಮ ಒಂದು ಉಪಗ್ರಹದಲ್ಲಿ ಕೂತು ಮೂರು ವರ್ಷ ಬಿಡದೆ ಎಣಿಸಿತು. ನಾನು ಬದುಕಿನಲ್ಲಿ ಮಾಡಿದ ಒಳ್ಳೆಯ ಕೆಲಸ ಯಾವುದು ಎಂದರೆ, ಮಗಳು ಬೇಜಾರು ಮಾಡಿಕೊಂಡರೂ ಸರಿ, ಆ ಪೆಟ್ಟಿಗೆಯನ್ನೇ ಮೊದಲು ಹೇಳುತ್ತೇನೆ.

ಈಗ ಬೇರೆ ಬೇರೆ ದೇಶದ ವಿಜ್ಞಾನಿಗಳ ಒಂದು ಸಮಿತಿ ಹಳೆಯ ಉಪಗ್ರಹಗಳ ಅಳತೆಗಳನ್ನೆಲ್ಲ ಒಂದೇ ಭಂಡಾರಕ್ಕೆ ಸೇರಿಸುತ್ತಿದೆ. ಅವರ ಕರಡು ವರದಿ ಹೇಗೋ ನನ್ನ ಮೇಲ್‌ಗೂ ಬಂತು. ನಮ್ಮ ಪೆಟ್ಟಿಗೆಯ ಬಗ್ಗೆ ಅದರಲ್ಲಿ ಮೂರು ಸಾಲು. ಬೆಳಗಿನ ಅಳತೆಗಳು ಉಳಿದ ಉಪಗ್ರಹಗಳ ಜೊತೆ ಹೊಂದುತ್ತವೆ, ಸಂಜೆಯವು ಹೊಂದುವುದಿಲ್ಲ. ಸಂಜೆ ಪಾಳಿಯ ಆಪರೇಟರ್ ಸಮಯವನ್ನು ಅಜಾಗರೂಕತೆಯಿಂದ ಬರೆದಿದ್ದಾರೆ. ಆದ್ದರಿಂದ ಇಡೀ ಮೂರು ವರ್ಷದ ದಾಖಲೆಯನ್ನು ಕೈಬಿಡಬಹುದು.

ಓದಿ ನನ್ನ ಮೈ ಉರಿದುಹೋಯಿತು. ಸಂಜೆ ಪಾಳಿಯ ಆಪರೇಟರ್ ಅಂದರೆ ನಾರಾಯಣಪ್ಪನವರು. ಗೋವಿಂದರಾಜನಗರದಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದ ಮನುಷ್ಯ, ಒಂದು ದಿನ ತಡವಾಗಿ ಬಂದದ್ದಿಲ್ಲ, ಒಂದು ಅಂಕಿಯನ್ನೂ ಅಳಿಸಿ ತಿದ್ದಿದ್ದಿಲ್ಲ. ಯಾರಾದರೂ ಅಂದಾಜಿನಲ್ಲಿ ಬರೆಯಿರಿ ಎಂದರೆ, "ಕಣ್ಣಿಗೆ ಕಂಡಿದ್ದು ಬರೀತೀನಿ ಸಾರ್, ಕಾಣ್ದೇ ಇದ್ದಿದ್ದು ಬರ್ಯಲ್ಲ" ಎನ್ನುತ್ತಿದ್ದರು. ತೀರಿಕೊಂಡು ಹನ್ನೆರಡು ವರ್ಷವಾಯಿತು. ಸತ್ತವರ ಮೇಲೆ ಗೂಬೆ ಕೂರಿಸುವುದು ಸುಲಭ, ಎದುರು ಮಾತಾಡುವುದಿಲ್ಲವಲ್ಲ.

ವರದಿಯ ಕೊನೆಯಲ್ಲಿ, ಆಕ್ಷೇಪವಿದ್ದವರು ಜೂನ್‌ನಲ್ಲಿ ಫಿನ್ಲೆಂಡಿನ ಸಭೆಗೆ ಬಂದು ಹೇಳಬಹುದು ಎಂದಿತ್ತು. ಯಾರೂ ಬರುವುದಿಲ್ಲ ಎಂಬ ಧೈರ್ಯದಿಂದ ಬರೆದ ಸಾಲು ಅದು.

ಮಗಳು ಶಾಲಿನಿ ರಾಜಾಜಿನಗರದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ನಾನು ಹೊರಟ ಸುದ್ದಿ ಕೇಳಿ ಸಂಜೆಯೇ ಬಂದಳು.

"ಅಮ್ಮ, ಒಂದು ಮೇಲ್ ಹಾಕಿದ್ರೆ ಆಗಲ್ವಾ? ಮಂಡಿ ನೋವು ಇಟ್ಕೊಂಡು ಉತ್ತರ ಧ್ರುವದ ಹತ್ರ ಯಾಕಮ್ಮ ಹೋಗ್ತೀಯ?"

"ಮೇಲ್ ಆದ್ರೆ ಓದ್ದೇ ಬಿಡಬಹುದು. ನಾನು ಎದುರಿಗೆ ಕೂತ್ರೆ ಏನ್ ಮಾಡ್ತಾರೆ?"

"ರಿಟೈರ್ ಆಗಿ ಒಂಬತ್ತು ವರ್ಷ ಆಯ್ತು ಕಣಮ್ಮ."

"ನಾನು ರಿಟೈರ್ ಆಗಿದೀನಿ. ಪೆಟ್ಟಿಗೆ ಆಗಿಲ್ಲ," ಎಂದೆ. ಶಾಲಿನಿಗೆ ನನ್ನ ಗುಣ ಗೊತ್ತು. ಸುಮ್ಮನೆ ಎದ್ದು ಸ್ಟೂಲ್ ಹತ್ತಿ ಅಟ್ಟದ ಮೇಲಿದ್ದ ನಾರಾಯಣಪ್ಪನವರು ಪ್ರತಿ ಸಂಜೆ ಸಮಯ ಬರೆಯುತ್ತಿದ್ದ ಲಾಗ್ ಪುಸ್ತಕಗಳನ್ನು ಇಳಿಸಿಕೊಟ್ಟಳು. ಹಳೆಯ ಕಟ್ಟಡ ಖಾಲಿ ಮಾಡುವಾಗ ಇವನ್ನು ರದ್ದಿಗೆ ಹಾಕುವವರಿದ್ದರು. ಕೇಳಿ ಮನೆಗೆ ತಂದಿದ್ದೆ.

ವಿಮಾನ ಬದಲಿಸಿದ ಊರು

ನಡುವೆ ಒಂದು ಕಡೆ ಇಳಿದು ಇನ್ನೊಂದು ವಿಮಾನ ಹತ್ತಬೇಕಿತ್ತು. ಅಲ್ಲಿ ತಪಾಸಣೆಯವರು ನನ್ನ ಕೈಚೀಲ ಬಿಚ್ಚಿದರು. ಒಳಗೆ ನಾಲ್ಕು ಲಾಗ್ ಪುಸ್ತಕ, ಹಳೆಯ ಕಾಟನ್ ಸೀರೆಯಲ್ಲಿ ಸುತ್ತಿದ್ದು. ಅವುಗಳ ಪಕ್ಕದಲ್ಲಿ ಒಂದು ಕೆ.ಜಿ. ಹುರಿಹಿಟ್ಟು. ಪುಸ್ತಕ ಬಿಟ್ಟು ಅವರು ಹುರಿಹಿಟ್ಟು ಹಿಡಿದುಕೊಂಡರು.

ಒಬ್ಬ ಹುಡುಗಿ ಬಟ್ಟೆಯ ತುಂಡಿನಿಂದ ಪೊಟ್ಟಣ ಒರೆಸಿ ಯಂತ್ರದೊಳಗೆ ಇಟ್ಟಳು. ಯಂತ್ರ ಯೋಚಿಸಿತು. ಅವಳು ನನ್ನನ್ನು ನೋಡಿದಳು. ಇದು ಏನು ಎಂದಳು. ರಾಗಿ, ಹುರಿದು ಬೀಸಿದ್ದು, ಬಿಸಿನೀರು ಬೆಲ್ಲ ಹಾಕಿ ಕಲಸಿದರೆ ಊಟ ಎಂದೆ. ನಂಬಲಿಲ್ಲ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿದೆ. ಒಣಹಿಟ್ಟು ಗಂಟಲಿಗೆ ಸಿಕ್ಕಿ ಕೆಮ್ಮಲು ಶುರು ಮಾಡಿದೆ. ಅದನ್ನು ಕಂಡು ಇನ್ನಿಬ್ಬರು ಓಡಿ ಬಂದರು.

"ನೀವು ಏನು ಕೆಲಸ ಮಾಡುತ್ತೀರಿ?" ಎಂದು ದೊಡ್ಡವನು ಕೇಳಿದ.

"ನಿಮ್ಮ ಈ ಯಂತ್ರದ ದೊಡ್ಡಪ್ಪನಂಥದ್ದನ್ನು ಕಟ್ಟಿ ಆಕಾಶಕ್ಕೆ ಕಳಿಸುತ್ತಿದ್ದೆ," ಎಂದೆ. ಹಾಗೆ ಹೇಳಬಾರದಿತ್ತು. ಇನ್ನೂ ಅರ್ಧ ಗಂಟೆ ಕೂರಿಸಿದರು. ಕೊನೆಗೆ ಹಿಟ್ಟು ವಾಪಸ್ ಕೊಟ್ಟರು, ವಿಮಾನವೂ ಸಿಕ್ಕಿತು.

ಮೊದಲ ದಿನ: ಮರಗಳ ಊರು

ಸಭೆಯ ಊರು ಫಿನ್ಲೆಂಡಿನ ತೀರಾ ಉತ್ತರದಲ್ಲಿದೆ. ಎರಡು ಅಂಗಡಿ, ಒಂದು ಚರ್ಚು, ಒಂದು ಸಂಶೋಧನಾ ಕೇಂದ್ರ, ಉಳಿದದ್ದೆಲ್ಲ ಮರ. ನನಗೆ ಉಳಿಯಲು ಕೊಟ್ಟದ್ದು ಐಲಾ ಎಂಬ ನಿವೃತ್ತ ಬಸ್ ಡ್ರೈವರಮ್ಮನ ಮನೆ. ನನಗಿಂತ ಎರಡು ವರ್ಷ ದೊಡ್ಡವಳು, ನನಗಿಂತ ಎರಡರಷ್ಟು ಗಟ್ಟಿ. ಒಳಗೆ ಕಾಲಿಡುವ ಮುಂಚೆ ಅವಳು ಬಾಗಿಲ ಹತ್ತಿರ ಚಪ್ಪಲಿ ಬಿಟ್ಟಳು. ಅದನ್ನು ನೋಡಿ ನನಗೆ ನಮ್ಮೂರಿಗೆ ಅರ್ಧ ದಾರಿ ವಾಪಸ್ ಬಂದಷ್ಟು ಸಮಾಧಾನವಾಯಿತು.

ಈ ಜನ ಮಾತಾಡುವುದಿಲ್ಲ. ಕೋಪವಲ್ಲ, ಬಿಗುಮಾನವಲ್ಲ, ಹೇಳುವುದೇನೂ ಇಲ್ಲದಿದ್ದರೆ ಸುಮ್ಮನಿರುತ್ತಾರೆ ಅಷ್ಟೇ. ಬಸ್ ಸ್ಟಾಪಿನಲ್ಲಿ ನಾಲ್ಕು ಜನ ನಿಂತಿದ್ದರೆ ನಡುವೆ ಎಮ್ಮೆ ಕಟ್ಟುವಷ್ಟು ಜಾಗ ಬಿಟ್ಟಿರುತ್ತಾರೆ. ನಾನು ಅಭ್ಯಾಸಬಲದಿಂದ ಒಬ್ಬಾಕೆಯ ಪಕ್ಕ ಹೋಗಿ ನಿಂತೆ. ಅವಳು ಒಂದು ಹೆಜ್ಜೆ ಸರಿದಳು. ನಾನೂ ಸರಿದೆ. ಬಸ್ ಬರುವಷ್ಟರಲ್ಲಿ ನಾವಿಬ್ಬರೂ ಸ್ಟಾಪಿನಿಂದ ಹೊರಗೆ ಬಂದಿದ್ದೆವು. ವಿಜಯನಗರ ಬಸ್‌ಸ್ಟ್ಯಾಂಡಿನಲ್ಲಿ ಮೊಣಕೈಯಲ್ಲಿ ದಾರಿ ಮಾಡಿಕೊಂಡು ಬೆಳೆದವಳಿಗೆ ಇಷ್ಟೊಂದು ಜಾಗ ಏನು ಮಾಡಬೇಕೆಂದೇ ತಿಳಿಯಲಿಲ್ಲ.

ಐಲಾಳ ಮನೆಯ ಹಿಂದೆ ಸೌನಾ ಇದೆ. ಮರದ ಕೋಣೆ, ಒಲೆಯ ಮೇಲೆ ಕಾದ ಕಲ್ಲು, ಕಲ್ಲಿನ ಮೇಲೆ ನೀರು ಹಾಕಿದರೆ ಹಬೆ. ಅತಿಥಿಗೆ ಅದೇ ದೊಡ್ಡ ಮರ್ಯಾದೆಯಂತೆ. ಐಲಾ ಹುಟ್ಟಿದ ಹಾಗೇ ಒಳಗೆ ಹೋಗಿ ಕೂತಳು. ನಾನು ನೈಟಿಯಲ್ಲಿ ಹೋದೆ. ಅವಳು ನೈಟಿಯನ್ನು ನೋಡಿ, ಕಲ್ಲಿನ ಮೇಲೆ ಇನ್ನೊಂದು ಸೌಟು ನೀರು ಹಾಕಿದಳು. ಹತ್ತು ನಿಮಿಷಕ್ಕೆ ಬಟ್ಟೆ ಒದ್ದೆ ಮುದ್ದೆಯಾಗಿ ಮೈಗೆ ಅಂಟಿತು. ಹೊಸಹಳ್ಳಿಯ ಬಚ್ಚಲಲ್ಲಿ ಹಂಡೆ ಒಲೆಯ ಮುಂದೆ ಎಣ್ಣೆ ಹಚ್ಚಿಕೊಂಡು ಕೂತ ಭಾನುವಾರಗಳು ನೆನಪಾದವು, ಹಾಯಾಗಿತ್ತು. ಆದರೆ ನೈಟಿ ತೆಗೆಯಲಿಲ್ಲ.

ಎರಡನೆಯ ದಿನ: ಸಭೆ

ಸಮಿತಿಯ ಮುಖ್ಯಸ್ಥ ಮಾರ್ಕುಸ್, ನಲವತ್ತರ ಆಸುಪಾಸಿನ ಸೌಮ್ಯ ಮನುಷ್ಯ. ಜಗಳಕ್ಕೆ ಬಂದವರಿಗೆ ಇಂಥವರಿಂದ ತುಂಬ ತೊಂದರೆ. ಕಾಫಿ ತಂದುಕೊಟ್ಟ, ಕುರ್ಚಿ ಎಳೆದುಕೊಟ್ಟ, ಆಮೇಲೆ ನಮ್ಮ ಮೂರು ವರ್ಷವನ್ನು ಪರದೆಯ ಮೇಲೆ ಹಾಕಿ ನಿಧಾನವಾಗಿ ಕೊಯ್ದ.

ಅವನ ಮಾತು ಇಷ್ಟು. ಆ ಕಾಲದಲ್ಲಿ ಉಪಗ್ರಹದೊಳಗೆ ನಿಜವಾದ ಗಡಿಯಾರ ಇರಲಿಲ್ಲ, ಒಂದು, ಎರಡು ಎಂದು ಏರುತ್ತ ಹೋಗುವ ಎಣಿಕೆ ಮಾತ್ರ ಇತ್ತು. ಉಪಗ್ರಹ ತಲೆಯ ಮೇಲೆ ಹಾಯುವಾಗ ಕೆಳಗಿರುವವರು ಆ ಎಣಿಕೆಯನ್ನೂ ಆಗಿನ ಸಮಯವನ್ನೂ ಒಟ್ಟಿಗೆ ಬರೆದುಕೊಳ್ಳಬೇಕು. ಆ ಸಮಯ ತಪ್ಪಿದರೆ ಕಣಗಳು ಬಂದ ಹೊತ್ತೂ ತಪ್ಪು. ಸೂರ್ಯನ ಬಿರುಗಾಳಿ ಒಂದೊಂದು ಉಪಗ್ರಹಕ್ಕೆ ಕೆಲವು ನಿಮಿಷ ಆಚೀಚೆ ತಲುಪುತ್ತದೆ, ಹಾಗಾಗಿ ಎಷ್ಟು ತಪ್ಪಿದೆ ಎಂದು ಹೇಳಲಾಗದು. ತಪ್ಪಿದೆ ಎಂದಷ್ಟೇ ಹೇಳಬಹುದು. ಬೆಳಗ್ಗೆ ಸರಿಯಾಗಿ ಬರೆದ ಕೇಂದ್ರ ಸಂಜೆ ತಪ್ಪಾಗಿ ಬರೆದಿದ್ದರೆ, ಕಾರಣ ಆಪರೇಟರ್.

ನಾನು ಎದ್ದು ನಿಂತೆ. "ಆ ಆಪರೇಟರ್ ಹೆಸರು ನಾರಾಯಣಪ್ಪ," ಎಂದೆ. "ಅವರು ಬರೆದ ಒಂದು ಅಂಕಿಯೂ ತಪ್ಪಲ್ಲ. ಬೇಕಾದರೆ ನನ್ನ ಪೆಟ್ಟಿಗೆಯನ್ನು ಬೈಯಿರಿ, ಅವರನ್ನು ಬಿಡಿ."

"ಹಾಗಾದರೆ ಸಂಜೆಯ ವ್ಯತ್ಯಾಸಕ್ಕೆ ಏನು ಕಾರಣ, ಡಾಕ್ಟರ್ ಜಯಮ್ಮ?"

ಪುಸ್ತಕಗಳನ್ನು ಮೇಜಿನ ಮೇಲೆ ಇಟ್ಟೆ, ದನಿ ಏರಿಸಿದೆ, ನಲವತ್ತು ವರ್ಷದ ಅನುಭವ ಎಂದೆ. ಯಾರೂ ವಾದಿಸಲಿಲ್ಲ. ಸುಮ್ಮನೆ ಕೇಳಿಸಿಕೊಂಡರು. ನಮ್ಮಲ್ಲಾದರೆ ಯಾರಾದರೂ ಎದುರು ಕೂಗಿ ನನಗೆ ಉಸಿರು ತೆಗೆದುಕೊಳ್ಳಲು ಸಮಯ ಕೊಡುತ್ತಿದ್ದರು. ಇಲ್ಲಿ ನನ್ನ ಕೂಗು ನನಗೇ ಕೇಳಿಸುತ್ತಿತ್ತು. ನಾಳೆ ಮಧ್ಯಾಹ್ನ ತೀರ್ಮಾನ ಮಾಡೋಣ, ಅಷ್ಟರೊಳಗೆ ಪುರಾವೆ ಏನಾದರೂ ಇದ್ದರೆ ತೋರಿಸಿ ಎಂದ ಮಾರ್ಕುಸ್.

ಮೂರನೆಯ ದಿನ: ಬಸ್ ಸ್ಟಾಪು

ಬೆಳಗ್ಗೆ ಎಂಟು ನಲವತ್ತರ ಬಸ್ಸಿಗೆ ನಾನು ಎಂಟು ನಲವತ್ತೊಂದಕ್ಕೆ ಹೋದೆ. ಬಸ್ಸಿನ ಬೆನ್ನು ಮಾತ್ರ ಕಂಡಿತು. ಕೈ ಬೀಸಿದೆ, ಸೀರೆ ಎತ್ತಿಕೊಂಡು ನಾಲ್ಕು ಹೆಜ್ಜೆ ಓಡಿದೆ. ನಮ್ಮೂರಿನಲ್ಲಾಗಿದ್ದರೆ ಹಿಂದಿನ ಬಾಗಿಲಲ್ಲಿ ನಿಂತ ಯಾರಾದರೂ ಹೋಲ್ಡಾನ್ ಎಂದು ಬಸ್ಸಿಗೆ ಬಡಿಯುತ್ತಿದ್ದರು. ಇಲ್ಲಿ ಬಡಿಯುವವರಿಲ್ಲ. ಮುಂದಿನ ಬಸ್ಸಿಗೆ ಇನ್ನು ಒಂದೂವರೆ ಗಂಟೆ ಕಾಯಬೇಕು.

ಜೊತೆಗೆ ಬಂದಿದ್ದ ಐಲಾ ಬಸ್ಸಿನವನನ್ನು ಬೈಯಲಿಲ್ಲ. ಮೂವತ್ತು ವರ್ಷ ತಾನೂ ಹೀಗೇ ಬಿಟ್ಟುಹೋಗುತ್ತಿದ್ದೆ ಎಂದಳು, ಹೆಮ್ಮೆಯಿಂದಲೇ.

"ನಿಮ್ಮೂರಲ್ಲಿ ನೀವು ಬಸ್ಸು ಹೇಗೆ ಹಿಡಿಯುತ್ತೀರಿ?" ಎಂದು ಕೇಳಿದಳು.

"ಗೋಡೆ ಗಡಿಯಾರವನ್ನು ಹತ್ತು ನಿಮಿಷ ಮುಂದೆ ಇಟ್ಟುಕೊಳ್ಳುತ್ತೇವೆ. ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಹಾಗೆಯೇ."

ಐಲಾ ಬಹಳ ಹೊತ್ತು ಯೋಚಿಸಿದಳು. "ಮುಂದಿದೆ ಎಂದು ಎಲ್ಲರಿಗೂ ಗೊತ್ತಿದ್ದರೆ ಏನು ಪ್ರಯೋಜನ?"

"ಗೊತ್ತಿದ್ದರೂ ನೋಡಿದ ತಕ್ಷಣ ಗಾಬರಿಯಾಗುತ್ತದಲ್ಲ, ಅದೇ ಪ್ರಯೋಜನ. ಸಮಯ ಕೇಳಿದರೆ ಹತ್ತು ನಿಮಿಷ ಕಳೆದು ಹೇಳುತ್ತೇವೆ. ಅಷ್ಟು ಲೆಕ್ಕ ನಮ್ಮ ಮಕ್ಕಳಿಗೂ ಬರುತ್ತದೆ."

"ಗೊತ್ತಿಲ್ಲದವರು ಬಂದರೆ?"

ನಾನು ಬೆಂಚಿನ ಮೇಲೆ ಕೂತೆ.

ನಮ್ಮ ಸಂಸ್ಥೆಯ ಬಸ್ಸು ಸಂಜೆ ಐದು ಹತ್ತಕ್ಕೆ ಹೊರಡುತ್ತಿತ್ತು. ತಪ್ಪಿದರೆ ಎರಡು ಸಿಟಿ ಬಸ್ಸು ಬದಲಿಸಿ ಮನೆ ಸೇರುವಾಗ ಎಂಟು. ಪೆಟ್ಟಿಗೆ ಎಣಿಸಲು ಶುರು ಮಾಡುವ ಹೊತ್ತಿಗೆ ಶಾಲಿನಿಗೆ ಒಂದೂವರೆ ವರ್ಷ, ಪಕ್ಕದ ಮನೆಯಲ್ಲಿ ಬಿಟ್ಟು ಬರುತ್ತಿದ್ದೆ, ಆರು ಗಂಟೆಗೆ ಆ ಮನೆಯಾಕೆ ಕೆಲಸಕ್ಕೆ ಹೊರಡಬೇಕು. ನಮ್ಮ ಯಜಮಾನರಿಗೆ ಫ್ಯಾಕ್ಟರಿಯಲ್ಲಿ ಎರಡನೆಯ ಶಿಫ್ಟು. ಎರಡು ಸಲ ಬಸ್ಸು ತಪ್ಪಿತು. ಎರಡನೆಯ ಸಲ ಮನೆಗೆ ಬಂದಾಗ ಮಗು ಬೀಗ ಹಾಕಿದ ಬಾಗಿಲ ಮುಂದೆ ಯಾರದೋ ಅಜ್ಜಿಯ ಮಡಿಲಲ್ಲಿ ಅತ್ತು ಅತ್ತು ನಿದ್ದೆ ಹೋಗಿತ್ತು. ಮರುದಿನ ಬೆಳಗ್ಗೆ ಸ್ಟೂಲ್ ಹತ್ತಿ, ಲಾಗ್ ಬರೆಯಲು ನಾವೆಲ್ಲ ನೋಡುತ್ತಿದ್ದ ಕೋಣೆಯ ಗೋಡೆ ಗಡಿಯಾರವನ್ನು ಹತ್ತು ನಿಮಿಷ ಮುಂದಕ್ಕೆ ತಿರುಗಿಸಿದೆ. ಹಗಲಿನಲ್ಲಿದ್ದ ಇನ್ನಿಬ್ಬರಿಗೆ ಹೇಳಿದೆ, ಬರೆಯುವಾಗ ಹತ್ತು ಕಳೀರಿ ಅಂತ. ಅವರೂ ಬೆಂಗಳೂರಿನವರು, ಯಾಕೆ ಎಂದು ಕೇಳಲಿಲ್ಲ.

ನಾರಾಯಣಪ್ಪನವರು ಬರುತ್ತಿದ್ದದ್ದು ಐದೂವರೆಗೆ. ಅಷ್ಟೊತ್ತಿಗೆ ನಾನು ಬಸ್ಸಿನಲ್ಲಿರುತ್ತಿದ್ದೆ. ಅವರು ಕೈಗಡಿಯಾರ ಕಟ್ಟುತ್ತಿರಲಿಲ್ಲ, ಕೋಣೆಯ ಗಡಿಯಾರವನ್ನೇ ನಂಬುತ್ತಿದ್ದರು. ಅವರಿಗೆ ಹೇಳಲೇ ಇಲ್ಲ. ನಾಳೆ ಹೇಳೋಣ ಎಂದುಕೊಂಡೆನೋ, ಯಾರಾದರೂ ಹೇಳಿರುತ್ತಾರೆ ಎಂದುಕೊಂಡೆನೋ, ನೆನಪಿಲ್ಲ. ಆ ಗಡಿಯಾರ ಸರಿಯಿದೆಯೇ ಎಂದು ನೋಡುವ ಜವಾಬ್ದಾರಿಯೂ ನನ್ನದೇ ಆಗಿತ್ತು. ಇಷ್ಟು ವರ್ಷ ಇದು ಯಾಕೆ ಹೊಳೆಯಲಿಲ್ಲ ಎಂದರೆ, ನನ್ನ ಪಾಲಿಗೆ ಆ ಗಡಿಯಾರ ಸರಿಯಾಗಿಯೇ ಇತ್ತು. ಹತ್ತು ಕಳೆಯುವುದು ಲೆಕ್ಕ ಎಂದು ಯಾವತ್ತೂ ಅನಿಸಿದ್ದಿಲ್ಲ.

ಅಲ್ಲೇ ಪುಸ್ತಕ ತೆಗೆದೆ. ಸಂಜೆ ಹಾಯುವ ಉಪಗ್ರಹ ಒಂದು ಹಂತದಲ್ಲಿ ಭೂಮಿಯ ನೆರಳಿನೊಳಗೆ ಹೋಗುತ್ತದೆ. ಬಿಸಿಲು ಹೋದ ತಕ್ಷಣ ಅದರ ಸೌರಫಲಕದ ಕರೆಂಟು ಬೀಳುತ್ತದೆ. ನಾರಾಯಣಪ್ಪನವರು ಪ್ರತಿ ಸಂಜೆ ಅಂಚಿನಲ್ಲಿ 'ನೆರಳು' ಎಂದು ಬರೆದು ಗಡಿಯಾರದ ಸಮಯ ಹಾಕಿದ್ದರು. ಯಾರೂ ಅದನ್ನು ಕೇಳಿರಲಿಲ್ಲ, ಕಂಪ್ಯೂಟರಿಗೆ ಹಾಕುವಾಗ ಬಿಟ್ಟುಬಿಟ್ಟಿದ್ದರು. ಕಕ್ಷೆ ಗೊತ್ತಿದ್ದರೆ ನೆರಳಿನ ಹೊತ್ತನ್ನು ಲೆಕ್ಕ ಹಾಕಿ ಹೇಳಬಹುದು. ಕಕ್ಷೆಯ ಅಂಕಿಗಳು ಪುಸ್ತಕದ ಮೊದಲ ಪುಟದಲ್ಲೇ ಇದ್ದವು. ಐಲಾಳ ಕಿರಾಣಿ ಚೀಟಿಯ ಹಿಂದೆ ಐದು ಸಂಜೆಗಳ ಲೆಕ್ಕ ಮಾಡಿದೆ. ಐದರಲ್ಲೂ ನಾರಾಯಣಪ್ಪನವರ ಸಮಯ ಹತ್ತು ನಿಮಿಷ ಮುಂದಿತ್ತು.

ಶಾಲಿನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ನನ್ನಿಂದಾನಾ ಅಮ್ಮ?"

"ನಿನ್ನಿಂದ ಅಲ್ಲ ಕಣೇ. ನಾನು ಒಂದು ಮಾತು ಹೇಳಿದ್ರೆ ಮುಗೀತಿತ್ತು. ಹೇಳಲಿಲ್ಲ."

"ಈಗ ಏನ್ ಮಾಡ್ತೀಯ? ಗಡಿಯಾರ ಮುಂದೆ ಇತ್ತು ಅಂತಷ್ಟೇ ಹೇಳಮ್ಮ. ಯಾರು ಇಟ್ರು ಅಂತ ಅವರಿಗ್ಯಾಕೆ? ಹೆಂಗಸರು ಅಂದ್ರೆ ಹಿಂಗೇ, ಮನೆ, ಬಸ್ಸು ಅಂತಾರೆ ಅಂತ ಆಡ್ಕೋತಾರೆ."

ಅವಳು ಹೇಳಿದ್ದು ಸುಳ್ಳಲ್ಲ. ಆ ಒಂದು ಮಾತಿಗೆ ಹೆದರಿ ನಾನು ನಲವತ್ತು ವರ್ಷ ಜ್ವರ ಬಂದರೂ ರಜೆ ಹಾಕದೆ ದುಡಿದಿದ್ದೇನೆ. ಯಾರು ಇಟ್ಟರು ಎಂದು ಹೇಳದೆ ಬಿಟ್ಟರೆ ಅಳತೆಗಳು ಉಳಿಯುತ್ತವೆ, ನನ್ನ ಮಾನವೂ ಉಳಿಯುತ್ತದೆ. ಆದರೆ ಸಂಜೆ ಆ ಕೋಣೆಯಲ್ಲಿ ಇದ್ದವರು ಒಬ್ಬರೇ. ಗಡಿಯಾರ ತಪ್ಪಿತ್ತು ಎಂದರೆ, ನೋಡದೆ ಕೂತಿದ್ದವರು ಅವರೇ ಎಂದಾಗುತ್ತದೆ.

"ಆಡ್ಕೊಳ್ಳಲಿ," ಎಂದು ಫೋನ್ ಇಟ್ಟೆ. ಮುಂದಿನ ಬಸ್ಸಿಗೆ ಅರ್ಧ ಗಂಟೆ ಮೊದಲೇ ರಸ್ತೆಯ ಅಂಚಿನಲ್ಲಿ ನಿಂತುಕೊಂಡೆ.

ಅದೇ ಮಧ್ಯಾಹ್ನ: ತೀರ್ಮಾನ

ನಾನು ಮಾತಾಡಿದ್ದು ಹದಿನೈದು ನಿಮಿಷ. ಈ ಸಲ ದನಿ ಏರಿಸಲಿಲ್ಲ. ನೆರಳಿನ ಅಂಕಿಗಳನ್ನು ತೋರಿಸಿದೆ, ಬಸ್ಸು, ಮಗು, ಸ್ಟೂಲು, ಎಲ್ಲ ಹೇಳಿದೆ. ಮಾರ್ಕುಸ್ ಪುಸ್ತಕ ತೆಗೆದುಕೊಂಡು ಹೋಗಿ ಸಹೋದ್ಯೋಗಿಯ ಜೊತೆ ಕಂಪ್ಯೂಟರಿನಲ್ಲಿ ನೂರು ಸಂಜೆಗಳ ಲೆಕ್ಕ ಹಾಕಿಸಿದ. ಒಂದು ಗಂಟೆಯ ನಂತರ ಬಂದಾಗ ಅವನ ಮುಖ ಅರಳಿತ್ತು.

"ನೂರರಲ್ಲೂ ಹತ್ತು ನಿಮಿಷ. ನಾವು ಕಳೆದರೆ ಸಾಕು, ನಿಮ್ಮ ಮೂರು ವರ್ಷ ಪೂರ್ತಿ ಉಳಿಯಿತು," ಎಂದ. ಎಲ್ಲರೂ ಮೇಜು ತಟ್ಟಿದರು. ಇವರ ಚಪ್ಪಾಳೆ ಅದು. ನನಗೆ ಕಣ್ಣು ಒದ್ದೆಯಾಯಿತು. ಒರೆಸಿಕೊಳ್ಳಲಿಲ್ಲ, ನೋಡಿದರೆ ನೋಡಲಿ.

ಆಮೇಲೆ ಅವನು ಅಡಿಟಿಪ್ಪಣಿ ಬರೆದು ಪರದೆಗೆ ಹಾಕಿದ. 'ಸಂಜೆಯ ಸಮಯದಿಂದ ಹತ್ತು ನಿಮಿಷ ಕಳೆಯಲಾಗಿದೆ. ಕಾರಣ: ಆಪರೇಟರ್ ದೋಷ.'

"ಅಲ್ಲ," ಎಂದೆ. "ಆಪರೇಟರ್ ದೋಷ ಮಾಡಲಿಲ್ಲ. ಈಗ ತಾನೇ ಹೇಳಿದೆನಲ್ಲ."

"ಇದು ಬರೀ ಒಂದು ಪಟ್ಟಿಯಿಂದ ಆರಿಸುವ ಪದ. ಯಾರೋ ಮನುಷ್ಯರ ಕೈಯಿಂದ ಆದದ್ದಕ್ಕೆಲ್ಲ ಹಾಗೇ ಹಾಕುತ್ತೇವೆ."

"ಯಾರೋ ಮನುಷ್ಯರಲ್ಲ. ನಾನು. ಜಯಮ್ಮ. ಗಡಿಯಾರ ಮುಂದಿಟ್ಟವಳು ಜಯಮ್ಮ, ಮಗುವಿನ ಹತ್ತಿರ ಹೋಗುವ ಬಸ್ಸು ತಪ್ಪಬಾರದೆಂದು ಇಟ್ಟಳು, ಆಪರೇಟರಿಗೆ ಹೇಳುವುದು ಮರೆತಳು. ನಾರಾಯಣಪ್ಪನವರು ಗಡಿಯಾರ ತೋರಿಸಿದ್ದನ್ನು ಒಂದು ಸಂಜೆಯೂ ತಪ್ಪದೆ ಸರಿಯಾಗಿ ಬರೆದರು. ಹೀಗೆ ಬರೆಯಿರಿ."

ಮೂಲೆಯಲ್ಲಿ ಕೂತಿದ್ದ ಹಿರಿಯರೊಬ್ಬರು ಮೆಲ್ಲಗೆ, ಭಂಡಾರದಲ್ಲಿ ಮಗುವಿನ ವಿಷಯ ಬರೆಯುವ ಪದ್ಧತಿ ಇಲ್ಲ, ನಿಮ್ಮ ಗೌರವದ ದೃಷ್ಟಿಯಿಂದಲೂ ಬೇಡ ಎಂದರು.

"ಹಾಗಾದರೆ ಮೂರು ವರ್ಷವನ್ನೂ ತೆಗೆದುಬಿಡಿ," ಎಂದು ಪುಸ್ತಕಗಳ ಮೇಲೆ ಕೈ ಇಟ್ಟೆ. "ನೆರಳಿನ ಅಂಕಿಗಳು ಇದರಲ್ಲಿ ಮಾತ್ರ ಇವೆ. ಇದನ್ನು ನಾನು ವಾಪಸ್ ತೆಗೆದುಕೊಂಡು ಹೋಗುತ್ತೇನೆ. ಅವರ ಹೆಸರು ಕೆಡಿಸಿ ನನ್ನ ಪೆಟ್ಟಿಗೆ ಉಳಿಯುವುದು ಬೇಡ."

ನಾನು ಹೆದರಿದ್ದೆ. ಅವರು ಸರಿ ತೆಗೆದುಕೊಂಡು ಹೋಗಿ ಎಂದಿದ್ದರೆ ನಿಜವಾಗಿಯೂ ಎದ್ದು ಹೋಗಬೇಕಿತ್ತು, ಹೋಗುತ್ತಲೂ ಇದ್ದೆ. ಕೈ ಮಾತ್ರ ತೆಗೆಯಲಿಲ್ಲ.

ಮಾರ್ಕುಸ್ ತಾನು ಬರೆದದ್ದನ್ನು ಅಳಿಸಿ, ನನ್ನ ಮಾತುಗಳನ್ನು ಒಂದೊಂದಾಗಿ ಕೇಳಿ ಬರೆದ. ಬರೆದಾದ ಮೇಲೆ ನನ್ನ ಕಡೆ ತಿರುಗಿ, "ಈ ದಾಖಲೆಯಲ್ಲಿ ಪೆಟ್ಟಿಗೆ ಕಟ್ಟಿದ್ದು ಸಂಸ್ಥೆ ಎಂದಷ್ಟೇ ಇದೆ, ಕಟ್ಟಿದವರ ಹೆಸರಿಲ್ಲ. ನಿಮ್ಮ ಹೆಸರು ಇರುವುದು ಈ ತಪ್ಪಿನ ಪಕ್ಕದಲ್ಲಿ ಮಾತ್ರ. ಪರವಾಗಿಲ್ಲವೇ?" ಎಂದ.

"ತಪ್ಪು ನನ್ನದೇ, ಹೆಸರೂ ನನ್ನದೇ ಇರಲಿ," ಎಂದೆ. "ಕೆಳಗಿನ ಸಾಲು ಓದಿ."

ಅವನು ಓದಿದ. ನಾರಾಯಣಪ್ಪ ಎನ್ನಲು ನಾಲಿಗೆ ಹೊರಳಲಿಲ್ಲ. ಇನ್ನೊಂದು ಸಲ ಎಂದೆ, ಓದಿದ. ಮೂರನೆಯ ಸಲಕ್ಕೆ ಸರಿಯಾಗಿ ಬಂತು. ಪುಸ್ತಕಗಳ ಮೇಲಿನ ಕೈ ತೆಗೆದು, ಅವನ್ನು ಅವನ ಕಡೆಗೆ ಸರಿಸಿದೆ.